ಮನೆ ಖಾಲಿ ಮಾಡುವಾಗ ಕೊಡುವುದೂ ಒಂದು ಕೆಲಸ: ಮುಲುಂಡ್‌ನ ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಮುಲುಂಡ್ ಪೂರ್ವದ ಹಳೆಯ ಹೌಸಿಂಗ್ ಸೊಸೈಟಿಯೊಂದರಲ್ಲಿ ಆರಂಭವಾಗಿ, ಈಗ ಠಾಣೆ, ಡೊಂಬಿವಲಿ, ಮಾಟುಂಗಾದವರೆಗೆ ಗಿರಾಕಿಗಳನ್ನು ಪಡೆದಿರುವ ಒಂದು ಚಿಕ್ಕ ಉದ್ಯಮದ ಮೊದಲ ಹದಿನೆಂಟು ತಿಂಗಳ ವಿವರ ಇದು. ಮನೆ ಖಾಲಿ ಮಾಡುವ ಕುಟುಂಬಗಳ ಹಳೆಯ ಸಾಮಾನನ್ನು ವಿಂಗಡಿಸಿ, ಬಳಕೆಗೆ ಬರುವುದನ್ನು ಬೇಕಾದವರಿಗೆ ಮುಟ್ಟಿಸಿ, ಆ ಶ್ರಮಕ್ಕೆ ಮನೆಯವರಿಂದ ಶುಲ್ಕ ಪಡೆಯುವುದು ಇದರ ಕೆಲಸ. ನಡೆಸುತ್ತಿರುವವರು ಉಡುಪಿ ಕಡೆಯ ಮನೆತನದ, ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ, ಹದಿನೈದು ವರ್ಷ ಒಂದು ಕೊರಿಯರ್ ಕಚೇರಿಯಲ್ಲಿ ದುಡಿದ ನಲವತ್ತಾರರ ಮಹಿಳೆ. ಬ್ಯಾಂಕಿನಿಂದ ನಿವೃತ್ತನಾದ ನಾನು ಅವರ ಲೆಕ್ಕಪತ್ರ ನೋಡಿಕೊಡುತ್ತೇನೆ. ಆದ್ದರಿಂದ ಇಲ್ಲಿನ ಮೊತ್ತಗಳು ಅವರ ವಹಿಯವು, ಅಭಿಪ್ರಾಯಗಳು ನನ್ನವು. ಸಂಬಂಧಪಟ್ಟವರ ಕೋರಿಕೆಯಂತೆ ಯಾರ ಹೆಸರನ್ನೂ ಬರೆದಿಲ್ಲ.

ಅಗತ್ಯ ಹುಟ್ಟಿದ್ದು ಎಲ್ಲಿ

ಮುಲುಂಡ್, ಘಾಟ್ಕೋಪರ್, ಚೆಂಬೂರುಗಳಲ್ಲಿ ಈಗ ಹಳೆಯ ಕಟ್ಟಡಗಳು ಒಂದರ ಹಿಂದೊಂದು ರೀಡೆವಲಪ್‌ಮೆಂಟ್‌ಗೆ, ಎಂದರೆ ಕೆಡವಿ ಹೊಸದಾಗಿ ಕಟ್ಟುವುದಕ್ಕೆ, ಹೋಗುತ್ತಿವೆ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 79(ಎ) ಕಲಮಿನಡಿ 2019ರ ಜುಲೈ 4ರಂದು ರಾಜ್ಯ ಸರ್ಕಾರ ಹೊರಡಿಸಿದ ನಿರ್ಣಯ ಈ ಪ್ರಕ್ರಿಯೆಗೆ ಕ್ರಮಬದ್ಧ ಚೌಕಟ್ಟು ಒದಗಿಸಿತು. ಸಭೆ, ಟೆಂಡರು, ಒಪ್ಪಂದ ಎಂದು ವರ್ಷಗಟ್ಟಲೆ ಎಳೆದಾಡುವ ವ್ಯವಹಾರವು ಕೊನೆಯ ಘಟ್ಟದಲ್ಲಿ ಮಾತ್ರ ಅವಸರದ್ದಾಗುತ್ತದೆ: ಇಂಥ ದಿನಾಂಕದೊಳಗೆ ಬೀಗದ ಕೈ ಒಪ್ಪಿಸಬೇಕು ಎಂಬ ನೋಟೀಸು ಬರುತ್ತದೆ, ಬಿಲ್ಡರ್ ಕೊಡುವ ಬಾಡಿಗೆ ಹಣದಲ್ಲಿ ಸಿಗುವ ತಾತ್ಕಾಲಿಕ ಮನೆ ಬಿಟ್ಟುಹೋಗುವ ಮನೆಗಿಂತ ಚಿಕ್ಕದಾಗಿರುತ್ತದೆ, ಮೂವತ್ತೈದು ವರ್ಷ ಲಾಫ್ಟಿನ ಮೇಲೆ ಏರಿ ಕುಳಿತ ಸಾಮಾನು ಒಂದೇ ವಾರದಲ್ಲಿ ಕೆಳಗಿಳಿಯಬೇಕಾಗುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದರೆ, ಎಪ್ಪತ್ತು ದಾಟಿದ ದಂಪತಿ ಕೂತು ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ನೋಡಬೇಕು.

ಮುಂಬಯಿಯಲ್ಲಿ ಹಳೆಯ ಸಾಮಾನಿಗೆ ದಾರಿಗಳಿಲ್ಲವೆಂದಲ್ಲ. ರದ್ದಿವಾಲ ಕಾಗದ ತೂಗುತ್ತಾನೆ, ಭಂಗಾರ್‌ವಾಲ, ಎಂದರೆ ಗುಜರಿಯವನು, ಕಬ್ಬಿಣ ತೂಗುತ್ತಾನೆ, ಬೋಹಾರಿಣ್ ಎಂದು ಮರಾಠಿಯಲ್ಲಿ ಕರೆಯುವ ಹೆಂಗಸರು ಹಳೆಯ ಬಟ್ಟೆಗೆ ಬದಲಾಗಿ ಸ್ಟೀಲ್ ಪಾತ್ರೆ ಕೊಡುತ್ತಾರೆ, ಜೋಗೇಶ್ವರಿಯ ಓಶಿವರಾದಲ್ಲಿ ಹಳೆಯ ಪೀಠೋಪಕರಣಗಳ ಅಂಗಡಿಸಾಲೇ ಇದೆ. ಇವರೆಲ್ಲರಿಗೂ ಸಮಾನವಾದ ಒಂದು ಗುಣವನ್ನು ಇಲ್ಲಿಯೇ ಗಮನಿಸಬೇಕು. ಇವರು ಮನೆಯವರಿಗೆ ಏನಾದರೂ ಕೊಟ್ಟು ಒಯ್ಯುತ್ತಾರೆ. ಹಾಗಿರುವಾಗ ಹಣ ಕೊಟ್ಟು ಸಾಮಾನು ಒಯ್ಯಿಸಿಕೊಳ್ಳಿ ಎಂದು ಕೇಳುವ ಉದ್ಯಮಕ್ಕೆ ಈ ಊರಿನಲ್ಲಿ ನಾವು ಕಂಡ ಪೂರ್ವನಿದರ್ಶನವಿರಲಿಲ್ಲ. ಮೊದಲ ಗಿರಾಕಿಯೊಬ್ಬರು, ಮಾಟುಂಗಾದ ಎಂಬತ್ತರ ಅಜ್ಜಿ, “ಇದು ದಾನವೋ ವ್ಯಾಪಾರವೋ, ಮೊದಲು ಅದು ಹೇಳು ಮಾರಾಯ್ತಿ” ಎಂದು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದರು. ಉದ್ಯಮದ ಒಂದೂವರೆ ವರ್ಷದ ತೊಡಕೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ಮೊದಲ ಮನೆ ಅವರದೇ ಆಗಿತ್ತು. ಎರಡು ವರ್ಷ ಹಾಸಿಗೆ ಹಿಡಿದಿದ್ದ ಅತ್ತೆ ತೀರಿಕೊಂಡ ಮೇಲೆ ವ್ಹೀಲ್‌ಚೇರ್, ಕಮೋಡ್ ಕುರ್ಚಿ, ಗಾಳಿ ಹಾಸಿಗೆ, ವಾಕರ್, ಮಾತ್ರೆಗಳ ಪೆಟ್ಟಿಗೆ, ನೂರಕ್ಕೂ ಹೆಚ್ಚು ಸೀರೆ, ಮಾವನವರ ಕಾಲದ ಮೂರು ಟ್ರಂಕು ಕನ್ನಡ ಪುಸ್ತಕ, ಪಿಕ್ಚರ್ ಟ್ಯೂಬಿನ ಟಿವಿ, ಬಾಕ್ಸ್ ಬೆಡ್ ಹಾಗೂ ಗೋದ್ರೆಜ್ ಕಪಾಟು ಉಳಿದವು. ಹತ್ತು ಬಗೆಯ ಸಾಮಾನಿಗೆ ಜಾಗ ಹುಡುಕಲು ಅವರು ಇಪ್ಪತ್ತಮೂರು ಕಡೆ ಫೋನು ಮಾಡಿದರು. ಯಾರು ಏನು ಬೇಕೆಂದರು, ಏನು ಬೇಡವೆಂದರು, ಯಾವ ವಾರ ಬರಬಾರದೆಂದರು ಎಂಬುದನ್ನೆಲ್ಲ ಕೊರಿಯರ್ ಕಚೇರಿಯ ಅಭ್ಯಾಸದಂತೆ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಈ ಉದ್ಯಮದ ನಿಜವಾದ ಬಂಡವಾಳ ಆ ನೋಟ್‌ಬುಕ್ಕು. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ.

ತೆಗೆದುಕೊಳ್ಳುವವರ ಕಡೆಯಿಂದ ನೋಡಿದಾಗ

ಇಂಥ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಕೊಡುವವರನ್ನು ಹುಡುಕುತ್ತ ಹೊರಡುತ್ತಾರೆ. ಇವರು ಮಾತ್ರ ಆರು ವಾರ ಒಬ್ಬ ಗಿರಾಕಿಯನ್ನೂ ಹುಡುಕದೆ, ತೆಗೆದುಕೊಳ್ಳುವವರ ಬಳಿಗೆ ಹೋದರು: ವೃದ್ಧಾಶ್ರಮ, ಬಾಲಾಶ್ರಮ, ರಾತ್ರಿ ಶಾಲೆ, ರೋಗಿಗಳ ಧರ್ಮಶಾಲೆ, ಕಾರ್ಮಿಕರ ವಸತಿ. ಕಂಡದ್ದೇನೆಂದರೆ, ಸ್ಟೀಲಿನ ದೊಡ್ಡ ಪಾತ್ರೆ, ಬೆಡ್‌ಶೀಟ್, ಟವೆಲ್, ಸೀಲಿಂಗ್ ಫ್ಯಾನ್, ಪ್ಲಾಸ್ಟಿಕ್ ಕುರ್ಚಿಗಳನ್ನು ಎಲ್ಲರೂ ಕೇಳುತ್ತಾರೆ. ಮನೆಯವರು ಬಹಳ ಉದಾರವಾಗಿ ಕೊಡಲು ಮುಂದಾಗುವ ಶೋಕೇಸು, ಬಾಕ್ಸ್ ಬೆಡ್, ಸೋಫಾ, ಜಾರಿಲ್ಲದ ಮಿಕ್ಸಿಗಳನ್ನು ಯಾರೂ ಕೇಳುವುದಿಲ್ಲ. ಕಲಬುರಗಿ ಕಡೆಯಿಂದ ಬಂದು ನಾಕಾದಲ್ಲಿ ಕೂಲಿಗೆ ನಿಲ್ಲುವ, ಈಗ ಇವರಲ್ಲಿ ಕಾಯಂ ಆಗಿ ಹೊರುವ ಕೆಲಸ ಮಾಡುವ ಹುಡುಗನಿಗೆ ಒಂದು ಒಳ್ಳೆಯ ಕಪಾಟನ್ನು ಉಚಿತವಾಗಿ ಕೊಡಲು ಹೋದಾಗ ಅವನು, “ಅಕ್ಕಾರ, ಹತ್ತು ಬೈ ಹತ್ತರ ಖೋಲಿಯೊಳಗ ನಾವು ಐದು ಮಂದಿ ಮಲಗತೀವ್ರಿ, ಇದನ್ನ ಎಲ್ಲಿ ನಿಲ್ಲಸೂದ್ರಿ?” ಎಂದ. ಗೋದ್ರೆಜ್ ಕಂಪನಿ 1923ರಲ್ಲಿ ಉಕ್ಕಿನ ಕಪಾಟು ಮಾಡಲು ಆರಂಭಿಸಿದಂದಿನಿಂದ ಮದುವೆಯ ಮನೆಗೊಂದರಂತೆ ಸೇರಿಕೊಂಡ ಆ ವಸ್ತು, ಕೊಡುವವರ ಲೆಕ್ಕದಲ್ಲಿ ಆಸ್ತಿ, ತೆಗೆದುಕೊಳ್ಳುವವರ ಲೆಕ್ಕದಲ್ಲಿ ಒಬ್ಬರು ಮಲಗುವ ಜಾಗ.

ಬಹಳ ಬೇಗ ನೆಲೆ ಕಂಡದ್ದು ರೋಗಿಯ ಸಾಮಾನು. ಮಹಾರಾಷ್ಟ್ರದ ಊರುಗಳಲ್ಲಿ ‘ರುಗ್ಣೋಪಯೋಗಿ ಸಾಹಿತ್ಯ’ (ರೋಗಿಗಳ ಬಳಕೆಯ ಸಾಮಗ್ರಿ) ಎಂಬ ಫಲಕ ಹಾಕಿಕೊಂಡು, ಠೇವಣಿ ಪಡೆದು ವ್ಹೀಲ್‌ಚೇರ್, ಮಂಚ, ವಾಕರ್‌ಗಳನ್ನು ಬಳಕೆಗೆ ಕೊಟ್ಟು, ಮರಳಿ ತಂದಾಗ ಠೇವಣಿ ವಾಪಸು ಮಾಡುವ ಮಂಡಳಿಗಳಿವೆ. ಅತ್ತೆಯವರ ಸಾಮಾನು ಅಂಥ ಒಂದು ಕಡೆಗೆ ಮರುದಿನವೇ ಹೋಯಿತು. 1941ರಲ್ಲಿ ಪರೇಲಿನಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಕರ್ನಾಟಕದಿಂದಲೂ ಬರುವ ಕುಟುಂಬಗಳು ತಿಂಗಳುಗಟ್ಟಲೆ ಉಳಿಯಬೇಕಾಗುವುದರಿಂದ, ಕುಕ್ಕರ್, ಫ್ಲಾಸ್ಕು, ಹೊದಿಕೆಗಳಿಗೆ ಆ ಸುತ್ತಿನ ವಸತಿಗಳಲ್ಲಿ ವರ್ಷವಿಡೀ ಬೇಡಿಕೆ ಇದೆ. ಆದರೆ ಉಳಿದ ಮಾತ್ರೆಗಳನ್ನು, ಪಟ್ಟಿ ಒಡೆಯದಿದ್ದರೂ, ಇವರು ಮುಟ್ಟುವುದಿಲ್ಲ. ಔಷಧಿ ಹಂಚುವುದು ಪರವಾನಗಿ ಇದ್ದವರ ಕೆಲಸ.

ಬಟ್ಟೆಯ ವಿಷಯದಲ್ಲಿ ಅಂಶು ಗುಪ್ತಾ ಅವರು 1999ರಲ್ಲಿ ದೆಹಲಿಯಲ್ಲಿ ಆರಂಭಿಸಿದ, ಅವರಿಗೆ 2015ರ ಮ್ಯಾಗ್ಸೆಸೆ ಪ್ರಶಸ್ತಿ ತಂದ ‘ಗೂಂಜ್’ ಸಂಸ್ಥೆಯ ಕ್ರಮದಿಂದ ಇವರು ಒಂದು ಪಾಠ ತೆಗೆದುಕೊಂಡರು: ಬಟ್ಟೆಯನ್ನು ಯಾರು, ಎಲ್ಲಿ, ಯಾವುದಕ್ಕೆ ಬಳಸುತ್ತಾರೆ ಎಂಬುದನ್ನು ನೋಡಿ ವಿಂಗಡಿಸಬೇಕು, ಇಲ್ಲವಾದರೆ ಮೂಟೆ ಮೂಟೆಯಾಗಿಯೇ ಉಳಿಯುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನದ ಬಟ್ಟೆ ರಸ್ತೆಬದಿಯಲ್ಲಿ ರಾಶಿಬಿದ್ದಿದ್ದನ್ನು ನೆನಪಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೆತ್ತಗಾದ ಹತ್ತಿ ಸೀರೆಗಳು ಮಾತ್ರ ಇವರಲ್ಲಿ ಬೇರೆಯೇ ದಾರಿ ಹಿಡಿಯುತ್ತವೆ. ಟೆಂಪೋ ಓಡಿಸುವವರ ಅಕ್ಕ ವಿಜಯಪುರದ ಹಳ್ಳಿಯೊಂದರಲ್ಲಿ ಕೌದಿ ಹೊಲಿಯುತ್ತಾರೆ, ಊರಿಗೆ ಹೋಗುವಾಗಲೆಲ್ಲ ಒಂದು ಗಂಟು ಅಲ್ಲಿಗೆ ಹೋಗುತ್ತದೆ. ಪಾಲಿಯೆಸ್ಟರ್ ಸೀರೆಗೆ ಸೂಜಿ ಜಾರುತ್ತದೆ, ಕೌದಿ ಬೆಚ್ಚಗೂ ಇರುವುದಿಲ್ಲ ಎಂದು ಆಕೆ ಹೇಳಿ ಕಳಿಸಿದ ಮೇಲೆ ಆ ಗಂಟಿನಲ್ಲಿ ಹತ್ತಿಯಲ್ಲದ ಒಂದು ಸೀರೆಯೂ ಸೇರಿಲ್ಲ.

ಕನ್ನಡ ಪುಸ್ತಕಗಳ ಕಥೆ ಅಷ್ಟು ಸಲೀಸಲ್ಲ. ಮುಂಬಯಿಯಲ್ಲಿ ಕನ್ನಡ ಸಂಘಗಳೂ ವಾಚನಾಲಯಗಳೂ ಇವೆ, ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಆದರೆ ಒಂದೇ ತಲೆಮಾರಿನವರು ಒಂದೇ ಕಾಲಕ್ಕೆ ಮನೆ ಖಾಲಿ ಮಾಡುತ್ತಿರುವಾಗ ಎಲ್ಲರ ಕಪಾಟಿನಿಂದಲೂ ಅವವೇ ಕಾದಂಬರಿಗಳು ಹೊರಬರುತ್ತವೆ, ವಾಚನಾಲಯದವರು ತಮ್ಮಲ್ಲಿಲ್ಲದ್ದನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಮಾವನವರ ಮೂರು ಟ್ರಂಕಿನಲ್ಲಿ ಒಂದು ವಾಚನಾಲಯಕ್ಕೆ, ಅರ್ಧ ಟ್ರಂಕು ಹೋಟೆಲ್ ಹುಡುಗರು ಓದುವ ಒಂದು ರಾತ್ರಿ ಶಾಲೆಗೆ ಹೋಗಿ, ಉಳಿದ ಒಂದೂವರೆ ಟ್ರಂಕನ್ನು ರದ್ದಿಗೆ ಹಾಕಲು ಅವರ ಗಂಡ ಒಪ್ಪಲಿಲ್ಲ. ಅದು ಈಗಲೂ ಅವರ ದಿವಾನಿನ ಕೆಳಗಿದೆ. ಪುಸ್ತಕಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದರಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತು. ಒಂದು ನಿಘಂಟಿನೊಳಗೆ 1990ರ ದಶಕದ ಎಫ್‌ಡಿ ರಸೀದಿಯೊಂದು ಸಿಕ್ಕಿತು. ಹತ್ತು ವರ್ಷ ವಾರಸುದಾರರು ಕೇಳದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾದರೂ ಹಕ್ಕು ಅಳಿಯುವುದಿಲ್ಲ. ಅಂಥವನ್ನು ಹುಡುಕಲು 2023ರ ಆಗಸ್ಟ್‌ನಿಂದ ‘ಉದ್ಗಮ್’ ಎಂಬ ಪೋರ್ಟಲ್ ಇದೆ. ಅಂದಿನಿಂದ ಪ್ರತಿ ಪುಸ್ತಕ ಕೊಡವುವುದು, ಪ್ರತಿ ಸೀರೆಯ ಮಡಿಕೆ ಬಿಡಿಸುವುದು, ಅಡುಗೆಮನೆಯ ಪ್ರತಿ ಡಬ್ಬದೊಳಗೆ ಕೈಹಾಕುವುದು ಮನೆಯವರ ಎದುರಿನಲ್ಲೇ ನಡೆಯುವ ಕಡ್ಡಾಯ ಕ್ರಮವಾಗಿದೆ.

ಮೊದಲ ತಪ್ಪು, ಮತ್ತು ಅದನ್ನು ತಿದ್ದಿದ ಬಗೆ

ಆರಂಭದಲ್ಲಿ ಅವರು ಮನೆಯವರಿಂದ ಏನನ್ನೂ ಪಡೆಯಲಿಲ್ಲ. ಯಾರಿಗೂ ಬೇಡವಾದ ಕಬ್ಬಿಣ, ಹಿತ್ತಾಳೆ, ಕಾಗದವನ್ನು ಮಾರಿ ಬಂದ ಹಣದಿಂದ ಟೆಂಪೋ, ಕೂಲಿಗಳ ಖರ್ಚು ತೂಗಿಸುವುದು ಯೋಜನೆಯಾಗಿತ್ತು. ಗಿರಾಕಿಗೆ ಹೇಳುವುದೂ ಸುಲಭ: ಎಲ್ಲ ಉಚಿತ. ನಾಲ್ಕು ಮನೆಗಳು ಹೀಗೆ ನಡೆದವು. ನಾಲ್ಕರ ಲೆಕ್ಕ ಬರೆಯುವಾಗ ನನಗೆ ಕಂಡದ್ದನ್ನು ಅವರಿಗೆ ಹೇಳಲು ಸ್ವಲ್ಪ ಹಿಂಜರಿದೆ. ಭಂಗಾರಕ್ಕೆ ಹೋದ ತೂಕ ಪ್ರತಿ ಮನೆಯಲ್ಲೂ ಹಿಂದಿನದಕ್ಕಿಂತ ಹೆಚ್ಚಾಗಿತ್ತು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ತಳ ಸ್ವಲ್ಪ ತಗ್ಗಿದ ಒಂದು ದೊಡ್ಡ ಪಾತೇಲಿಯನ್ನು ಕೈಯಲ್ಲಿ ಹಿಡಿದು ಇದು ಆಶ್ರಮಕ್ಕೋ ತಕ್ಕಡಿಗೋ ಎಂದು ತೀರ್ಮಾನಿಸುವ ಕ್ಷಣದಲ್ಲಿ, ಆ ದಿನದ ಟೆಂಪೋ ಬಾಡಿಗೆ ಯಾರ ಕೈಯನ್ನಾದರೂ ತಕ್ಕಡಿಯ ಕಡೆಗೆ ಎಳೆಯುತ್ತದೆ. ಕೊಡಿಸುವವರ ಊಟ ಭಂಗಾರದಿಂದ ಬರುವಂತಿದ್ದರೆ ಕೊಡುವ ರಾಶಿ ಕರಗುತ್ತಲೇ ಹೋಗುತ್ತದೆ.

ಇದೇ ಹೊತ್ತಿಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು: ಮೂರನೆಯ ಮಹಡಿಯವರು ದಾನವಾಗಿ ಕೊಟ್ಟ ಹೊಲಿಗೆ ಯಂತ್ರ ಭಾಂಡುಪ್‌ನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಮಾರಾಟಕ್ಕಿತ್ತು. ವಿಚಾರಿಸಿದಾಗ, ಅದನ್ನು ಪಡೆದ ಹೆಂಗಸು ಮಗಳ ಶಾಲೆಯ ಫೀ ಕಟ್ಟಲು ಎರಡು ತಿಂಗಳ ನಂತರ ಮಾರಿದ್ದು ಗೊತ್ತಾಯಿತು. ಕೊಟ್ಟವರಿಗೆ ನೋವಾಗಿತ್ತು, ಗುಂಪಿನಲ್ಲಿ ಉಳಿದವರಿಗೆ ಸಂಶಯವಾಗಿತ್ತು. ನನ್ನ ಮಟ್ಟಿಗೆ ಆ ಹೆಂಗಸು ಯಂತ್ರವನ್ನು ಚೆನ್ನಾಗಿಯೇ ಬಳಸಿಕೊಂಡಳು. ಆದರೆ ನಂಬಿಕೆಯ ಮೇಲೆ ನಿಂತ ಉದ್ಯಮವೊಂದು ಇಂಥ ಮಾತನ್ನು ಗುಂಪಿನಲ್ಲಿ ವಾದಿಸಿ ಗೆಲ್ಲಲಾರದು.

ಎರಡೂ ಸೇರಿ ವ್ಯವಸ್ಥೆಯನ್ನೇ ಬದಲಿಸಿದವು. ಈಗ ಒಂದು ಬಿಎಚ್‌ಕೆ ಮನೆಗೆ 7,500 ರೂಪಾಯಿ ಶುಲ್ಕ ಮೊದಲೇ ನಿಗದಿ. ಸಾಮಾನನ್ನು ಮನೆಯವರ ಮುಂದೆಯೇ ಮೂರು ಗುಂಪು ಮಾಡಲಾಗುತ್ತದೆ: ಕೊಡುವುದು, ಮಾರುವುದು, ಕಳೆಯುವುದು. ಮಾರಿದ್ದರ ತೂಕದ ಚೀಟಿ ಬಿಲ್ಲಿಗೆ ಲಗತ್ತಾಗಿ, ಅದರ ಪೂರ್ತಿ ಹಣ ಶುಲ್ಕದಲ್ಲಿ ವಜಾ ಆಗುತ್ತದೆ. ಸಾಮಾನ್ಯವಾಗಿ ಎರಡರಿಂದ ಮೂರು ಸಾವಿರ. ಹೀಗೆ ಅವರ ಗಳಿಕೆಗೂ ಭಂಗಾರದ ತಕ್ಕಡಿಗೂ ಇದ್ದ ನಂಟು ತಪ್ಪಿತು. ಕೊಟ್ಟ ವಸ್ತು ಪಡೆದವರ ಸ್ವತ್ತು, ಅವರು ಇಟ್ಟುಕೊಳ್ಳಬಹುದು, ಮಾರಲೂಬಹುದು ಎಂಬ ಸಾಲು ಒಪ್ಪಿಗೆ ಪತ್ರದಲ್ಲಿ ದಪ್ಪ ಅಕ್ಷರದಲ್ಲಿದೆ. ಆ ಪತ್ರಕ್ಕೆ ಮನೆಯ ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಪುಣೆಯಲ್ಲಿದ್ದ ಮಗಳಿಗೆ ತಿಳಿಸದೆ ಅಣ್ಣ ಅಮ್ಮನ ಹಿತ್ತಾಳೆ ಹಂಡೆ ಕೊಡಿಸಿಬಿಟ್ಟು, ಅದನ್ನು ಆಶ್ರಮದಿಂದ ಮರಳಿ ಕೇಳಿ ತರಬೇಕಾದ ಮುಜುಗರದ ನಂತರ ಸೇರಿದ ಷರತ್ತು ಅದು.

ಶುಲ್ಕದ ಮಾತೆತ್ತಿದ ಕೂಡಲೇ ಬರುವ ಪ್ರಶ್ನೆ ತೆರಿಗೆಯದು: “80ಜಿ ರಸೀದಿ ಸಿಗುತ್ತದೆಯೇ?” ಸಿಗುವುದಿಲ್ಲ. ಆದಾಯ ತೆರಿಗೆಯ ಆ ರಿಯಾಯಿತಿ ಹಣವಾಗಿ ಕೊಟ್ಟ ದೇಣಿಗೆಗೆ ಮಾತ್ರ, ಅದರಲ್ಲೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಇಲ್ಲ, ವಸ್ತುರೂಪದ ದಾನಕ್ಕಂತೂ ಇಲ್ಲವೇ ಇಲ್ಲ. ಸಾಮಾನಿನ ಬೆಲೆಯನ್ನು ಹಣವೆಂದು ಬರೆಸಿ ರಸೀದಿ ಕೊಡಿಸಿ ಎಂದು ಒತ್ತಾಯಿಸಿದ ಒಬ್ಬ ಗಿರಾಕಿಯನ್ನು ಅವರು ಕೈಬಿಟ್ಟರು. ಬದಲಾಗಿ ಅವರು ಕೊಡುವುದು ಒಂದು ಸಾದಾ ಪಟ್ಟಿ: ಯಾವ ವಸ್ತು, ಯಾವ ದಿನ, ಯಾವ ಬಗೆಯ ಜಾಗಕ್ಕೆ ತಲುಪಿತು, ಪಡೆದವರ ಸಹಿ. ಪಡೆದವರ ಫೋಟೋ ತೆಗೆಯುವುದಿಲ್ಲ. ಸಾಮಾನು ಹೊತ್ತು ನಿಂತ ಮಕ್ಕಳ ಫೋಟೋ ಬೇಕೆನ್ನುವವರಿಗೆ ಈ ಪಟ್ಟಿ ಸಪ್ಪೆಯೆನಿಸಿದ್ದುಂಟು.

ಸಾಗಣೆ, ಮಳೆ, ಗಾಳಾ

ಉದ್ಯಮದ ರೂಪ ಏಕಮಾಲೀಕತ್ವದ್ದು. ಟ್ರಸ್ಟ್ ಮಾಡಿ ಎಂದು ಹಲವರು ಸೂಚಿಸಿದರೂ, ಶುಲ್ಕ ಪಡೆದು ಸೇವೆ ಕೊಡುತ್ತಿರುವಾಗ ಹಾಗೆಂದೇ ಹೇಳಿಕೊಳ್ಳುವುದು ಲೇಸೆಂದು ನಾನೂ ಹೇಳಿದೆ; ಮಾಟುಂಗಾದ ಅಜ್ಜಿಗೆ ಕೊಟ್ಟ ಉತ್ತರವೂ ಅದೇ, ದಾನ ನಿಮ್ಮದು, ಹೊರುವ ಕೆಲಸ ನಮ್ಮದು ಎಂದು. ಚಿಕ್ಕ ಉದ್ಯಮಗಳಿಗಿರುವ ಸರ್ಕಾರದ ‘ಉದ್ಯಮ್’ ನೋಂದಣಿ ಆನ್‌ಲೈನಿನಲ್ಲಿ ಉಚಿತವಾಗಿ ಆಯಿತು. ಸೇವಾ ಉದ್ಯಮಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ಇವರ ವಹಿವಾಟು ಅದರ ಹತ್ತಿರವೂ ಸುಳಿದಿಲ್ಲ.

ಒಂದು ಮನೆಯ ಖರ್ಚು ಹೀಗಿದೆ. ಛೋಟಾ ಹಾಥಿ ಎಂದು ಎಲ್ಲರೂ ಕರೆಯುವ ಚಿಕ್ಕ ಟೆಂಪೋಗೆ ಚಾಲಕನೂ ಸೇರಿ 2,200, ಇಬ್ಬರು ಹೊರುವವರಿಗೆ ತಲಾ 900, ಚೀಲ, ಹಗ್ಗ, ತಾಡಪತ್ರಿಗೆ 300, ಒಟ್ಟು 4,300. ಉಳಿಯುವುದು 3,200. ಅದು ಎರಡು ದಿನದ ವಿಂಗಡಣೆ, ಒಂದು ದಿನದ ಸಾಗಣೆ, ಅದಕ್ಕೂ ಮೊದಲಿನ ಹತ್ತಾರು ಫೋನುಗಳ ಪ್ರತಿಫಲ. ಲಿಫ್ಟಿನಲ್ಲಿ ಸಾಮಾನು ಇಳಿಸಲು ಎಷ್ಟು ಹೊತ್ತಿಗೆ ಅನುಮತಿ, ವಾಚ್‌ಮನ್ ಗೇಟ್ ಪಾಸ್ ಕೇಳುತ್ತಾನೆಯೇ, ಗಲ್ಲಿಯಲ್ಲಿ ಟೆಂಪೋ ತಿರುಗುತ್ತದೆಯೇ ಎಂಬುದನ್ನು ಹಿಂದಿನ ದಿನವೇ ನೋಡದಿದ್ದರೆ ಈ 3,200 ಅರ್ಧದಿನದಲ್ಲಿ ಕರಗುತ್ತದೆ.

ಮನೆಯಿಂದ ಹೊರಟ ಸಾಮಾನು ಅದೇ ದಿನ ಮುಟ್ಟಬೇಕು, ನಡುವೆ ಗೋದಾಮಿಲ್ಲ ಎಂಬುದು ಮೊದಲ ನಿಯಮವಾಗಿತ್ತು. ಕೆಲಸ ಹೆಚ್ಚಿದಾಗ ಅದನ್ನು ಸಡಿಲಿಸಿ ಭಾಂಡುಪ್‌ನಲ್ಲಿ ತಿಂಗಳಿಗೆ 9,000 ರೂಪಾಯಿಗೆ ಒಂದು ಗಾಳಾ, ಎಂದರೆ ಗೋದಾಮಿನ ಕೋಣೆ, ಹಿಡಿದರು. ಗಾಳಾ ಇದ್ದುದರಿಂದಲೇ, ಜಾಗ ಗೊತ್ತಾಗದ ಸಾಮಾನನ್ನೂ ಮನೆಯಿಂದ ಎತ್ತತೊಡಗಿದರು. ಜುಲೈ ಮಳೆಗೆ ನೀರು ನುಗ್ಗಿ ಗಾದಿ, ಪ್ಲೈವುಡ್ಡುಗಳೆಲ್ಲ ಉಬ್ಬಿದವು. ಅವನ್ನು ಕಳೆಯಲೂ ಹಣ ತೆರಬೇಕಾಯಿತು. ಮೂರು ತಿಂಗಳಲ್ಲಿ ಗಾಳಾ ಬಿಟ್ಟರು.

ತಿಗಣೆಯ ಪ್ರಸಂಗವನ್ನೂ ದಾಖಲಿಸಬೇಕು. ಒಂದು ಬಾಲಾಶ್ರಮದವರು ಸಂಕೋಚದಿಂದ ಬೇಡವೆನ್ನಲಾರದೆ ಬಾಕ್ಸ್ ಬೆಡ್ ತೆಗೆದುಕೊಂಡರು; ವಾರದೊಳಗೆ ಇಡೀ ಕೋಣೆಗೆ ತಿಗಣೆ ಹಬ್ಬಿತು. ಔಷಧಿ ಹೊಡೆಸಿದ ಖರ್ಚನ್ನು ಇವರೇ ಭರಿಸಿದರು. ಅಲ್ಲಿಂದೀಚೆಗೆ ಬಟ್ಟೆ ಹೊದಿಸಿದ, ಸ್ಪಂಜು ತುಂಬಿದ ಯಾವುದೂ ಕೊಡುವ ಗುಂಪಿಗೆ ಸೇರುವುದಿಲ್ಲ. ಉಳಿದದ್ದಕ್ಕೂ ಮೊದಲು ಫೋಟೋ ಕಳಿಸಿ, ಪಡೆಯುವವರು ‘ಬೇಕು’ ಎಂದು ಬರೆದು ತಿಳಿಸಿದ ಮೇಲೆಯೇ ಟೆಂಪೋ ಹೊರಡುತ್ತದೆ. ಬಾಯಿಮಾತಿನ ‘ಆಗಲಿ ಬಿಡಿ’ ಈಗ ಸಾಲದು. ಟ್ಯೂಬಿನ ಟಿವಿಯ ಗಾಜಿನಲ್ಲಿ ಸೀಸವಿರುವುದರಿಂದ ಅದು 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಇನ್ವರ್ಟರ್ ಬ್ಯಾಟರಿಯನ್ನು ಮಾತ್ರ ಅಂಗಡಿಯವರೇ ಹಣ ಕೊಟ್ಟು ಮರಳಿ ಕೊಳ್ಳುತ್ತಾರೆ.

ವರ್ಷದ ಲೆಕ್ಕ ಮತ್ತು ಮುಂದಿನ ಕಟ್ಟಡ

ಶುಲ್ಕ ಆರಂಭಿಸಿದ ನಂತರದ ಹನ್ನೆರಡು ತಿಂಗಳಲ್ಲಿ 27 ಮನೆಗಳು ಆದವು. ಶುಲ್ಕದಲ್ಲಿ ವಜಾ ಆದ ಭಂಗಾರದ ಹಣವೂ ಸೇರಿ ಬಂದದ್ದು 2,02,500, ಮನೆಗಳ ನೇರ ಖರ್ಚು 1,16,100, ಗಾಳಾ ಬಾಡಿಗೆ 27,000. ಉಳಿದದ್ದು 59,400, ಅದರಲ್ಲೂ ಫೋನು, ರೈಲು ಪಾಸು, ತಿಗಣೆ ಔಷಧಿ ಕಳೆಯಬೇಕು. ಕೊರಿಯರ್ ಕಚೇರಿಯಲ್ಲಿ ಅವರಿಗೆ ಇದಕ್ಕಿಂತ ಹೆಚ್ಚು ಸಂಬಳವಿತ್ತು. ಗಂಡನ ನೌಕರಿ ಇಲ್ಲದಿದ್ದರೆ ಈ ವರ್ಷ ದಾಟುತ್ತಿರಲಿಲ್ಲ ಎಂಬುದನ್ನು ಇಂಥದ್ದಕ್ಕೆ ಇಳಿಯಬೇಕೆಂದಿರುವವರು ತಿಳಿದಿರಲಿ. ತಿಂಗಳಿಗೆ ಎರಡು ಮನೆ ಐದಾಗದೆ ಇದು ಸಂಸಾರ ಹೊರುವ ಉದ್ಯಮವಾಗುವುದಿಲ್ಲ. ಐದಾಗಬೇಕಾದರೆ ನೋಟ್‌ಬುಕ್ಕಿನ ತೆಗೆದುಕೊಳ್ಳುವವರ ಪಟ್ಟಿಯೂ ಅಷ್ಟೇ ಬೆಳೆಯಬೇಕು, ಒಂದೇ ಆಶ್ರಮಕ್ಕೆ ತಿಂಗಳಿಗೆ ಐದು ಸಲ ಪಾತ್ರೆ ಒಯ್ಯಲಾಗದು.

ಕಳೆದ ದೀಪಾವಳಿಯ ನಂತರ ಪಕ್ಕದ 32 ಮನೆಗಳ ಕಟ್ಟಡಕ್ಕೆ ಖಾಲಿ ಮಾಡುವ ನೋಟೀಸು ಬಂದಾಗ, ಬಿಲ್ಡರ್ ಕಡೆಯವರು ಇಡೀ ಕಟ್ಟಡವನ್ನು ಒಂದೇ ಮೊತ್ತಕ್ಕೆ ವಹಿಸಿಕೊಳ್ಳಲು ಕರೆದರು. ಹೇಳಿದ ಮೊತ್ತ ಇವರ ವರ್ಷದ ವಹಿವಾಟಿಗಿಂತ ದೊಡ್ಡದಾಗಿತ್ತು. ಷರತ್ತು ಒಂದೇ, ಹತ್ತು ದಿನದಲ್ಲಿ ಕಟ್ಟಡ ಬರಿದಾಗಬೇಕು. ಇವರು ಎರಡು ದಿನ ನೋಟ್‌ಬುಕ್ಕು ಹಿಡಿದು ಫೋನು ಮಾಡಿ ಕೂಡಿಸಿ ನೋಡಿದರು: ಆ ಹತ್ತು ದಿನದಲ್ಲಿ ಪಟ್ಟಿಯಲ್ಲಿರುವ ಎಲ್ಲರೂ ಸೇರಿ ತೆಗೆದುಕೊಳ್ಳಬಲ್ಲದ್ದು ಹನ್ನೊಂದು ಮನೆಗಳ ಸಾಮಾನು. ಉಳಿದ ಇಪ್ಪತ್ತೊಂದು ಮನೆಗಳದ್ದು ದಾನದ ಹೆಸರಿನಲ್ಲಿ ಭಂಗಾರವಾಗುತ್ತಿತ್ತು. ಬಿಲ್ಡರಿಗೆ ಆಗುವುದಿಲ್ಲವೆಂದು ತಿಳಿಸಿ, ಹನ್ನೊಂದು ಕುಟುಂಬಗಳೊಡನೆ ಬೇರೆ ಬೇರೆಯಾಗಿ ಒಪ್ಪಂದ ಮಾಡಿಕೊಂಡರು. ನಾನು ಆಗ ಅವರ ತೀರ್ಮಾನವನ್ನು ಒಪ್ಪಿರಲಿಲ್ಲ, ಲೆಕ್ಕ ಬರೆಯುವವನಾಗಿ ಈಗಲೂ ಪೂರ್ತಿ ಒಪ್ಪಿಲ್ಲ. ಆ ಹನ್ನೊಂದರಲ್ಲಿ ಒಂಬತ್ತು ಮನೆಗಳ ಕೆಲಸ ಮುಗಿದಿದೆ; ಉಳಿದೆರಡರ ಗೋದ್ರೆಜ್ ಕಪಾಟುಗಳಿಗೆ, ಈ ವಾರ ಬದ್ಲಾಪುರದ ಒಂದು ಮಹಿಳಾ ಬಚತ್ ಗಟ್‌ನವರು (ಸ್ವಸಹಾಯ ಗುಂಪಿನವರು) ಫೋಟೋ ನೋಡಿ ‘ಬೇಕು’ ಎಂದು ಬರೆದಿದ್ದಾರೆ.